ಥಂಡರನ ಕೊನೆಯ ನಲವತ್ತು ಕಡ್ಡಿ

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಶಿವರಾಮುವಿನ ಫೋನಿಗೆ ಸಂದೇಶವೊಂದು ಬಂತು: 'ನಿಮ್ಮ ಪಾರ್ಸೆಲ್ ತಲುಪಿದೆ. ಸಹಿ ಹಾಕಿ ಪಡೆಯಲಾಗಿದೆ.' ಅವನು ಎರಡೆರಡು ಮೆಟ್ಟಿಲು ಹಾರಿ ಮಹಡಿಯಿಂದ ಇಳಿದು ಮುಂಬಾಗಿಲು ತೆಗೆದ. ಹೊರಗೆ ಚಪ್ಪಲಿಗಳಿದ್ದವು, ಅರ್ಧ ಒಣಗಿದ ತುಳಸಿಯ ಕುಂಡವಿತ್ತು. ಪಾರ್ಸೆಲ್ ಇರಲಿಲ್ಲ.

ಅವನಿಗೆ ಸಿಟ್ಟು ಬಂತು. ಅವತ್ತಿನ ಮಟ್ಟಿಗೆ ಅದು ಮೂರನೆಯ ಸಿಟ್ಟು. ಮೊದಲನೆಯದು ಕಾಫಿ ಪುಡಿ ಮುಗಿದದ್ದಕ್ಕೆ. ಎರಡನೆಯದು ಬಾಸ್ ತರುಣ್ ರಜೆಯ ದಿನ ಫೋನು ಮಾಡಿ, ಮುಕ್ಕಾಲು ಗಂಟೆ ಬಾಗಿಲು ಹಾಕಿಕೊಂಡು ಕೂರುವಂತೆ ಮಾಡಿದ್ದಕ್ಕೆ. ತರುಣ್ ಅವನಿಗಿಂತ ಹನ್ನೆರಡು ವರ್ಷ ಚಿಕ್ಕವನು. ಆದರೂ 'ಶಿವು' ಎಂದು ಕರೆಯುತ್ತಿದ್ದ.

ಕ್ಯಾಲಿಫೋರ್ನಿಯದ ಡಬ್ಲಿನ್ನಿನ ಆ ಬೀದಿಯಲ್ಲಿ ಶಿವರಾಮು ಏನು ಕೆಲಸ ಮಾಡುತ್ತಾನೆಂಬುದು ಹೆಂಡತಿ ಬಿಂದುಶ್ರೀಯನ್ನು ಬಿಟ್ಟರೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಉಳಿದವರೆಲ್ಲ ಚಿಪ್ಪು, ಕ್ಲೌಡು, ಎಐ ಎಂದು ಎದೆಯುಬ್ಬಿಸಿ ಹೇಳುವಾಗ ಇವನು 'ಜೆನೆಟಿಕ್ಸು' ಎಂದು ಮೆಲ್ಲಗೆ ಹೇಳಿ ಮಾತು ಬದಲಿಸುತ್ತಿದ್ದ. ನಿಜ ಹೇಳುವುದು ಕಷ್ಟವಿತ್ತು. ಟೆಕ್ಸಾಸಿನ ಕಡೆ ಬಿಳಿಬಾಲದ ಜಿಂಕೆಗಳನ್ನು ನಮ್ಮಲ್ಲಿ ಹಸು ಸಾಕಿದ ಹಾಗೆ ಬೇಲಿ ಹಾಕಿ ಸಾಕುತ್ತಾರೆ. ಹಾಲಿಗಲ್ಲ, ಉಳುವುದಕ್ಕಲ್ಲ. ಕೊಂಬಿಗೆ. ಗಂಡು ಜಿಂಕೆಯ ಕೊಂಬು ವರ್ಷವರ್ಷವೂ ಉದುರಿ ಮತ್ತೆ ಬೆಳೆಯುತ್ತದೆ. ಬೆಳೆದಾಗ ಟೇಪು ಹಿಡಿದು ಕವಲುಕವಲನ್ನೂ ಅಳೆದು ಕೂಡಿಸುತ್ತಾರೆ. ಕಾಡಿನ ಜಿಂಕೆಗೆ ನೂರೈವತ್ತು ಇಂಚು ಬಂದರೆ ಬೇಟೆಗಾರರು ಊರಿಗೆಲ್ಲ ಫೋಟೊ ಹಂಚುತ್ತಾರೆ. ಫಾರಮ್ಮಿನ ಜಿಂಕೆಗೆ ನಾನ್ನೂರು ದಾಟಿಸಬೇಕು. ಯಾವ ಹೆಣ್ಣಿಗೆ ಯಾವ ಗಂಡಿನ ವೀರ್ಯ ಕೊಟ್ಟರೆ ಮರಿಗೆ ಎಷ್ಟು ಇಂಚು ಬಂದೀತೆಂದು ಲೆಕ್ಕ ಹಾಕಿ ಹೇಳುವ ಚಿಕ್ಕ ಕಂಪನಿಯೊಂದು ಓಕ್‌ಲ್ಯಾಂಡಿನಲ್ಲಿತ್ತು. ವೀರ್ಯ ತುಂಬಿದ, ಸ್ಟ್ರಾದಂಥ ಸಣ್ಣ ಕಡ್ಡಿಗಳನ್ನು ಲಿಕ್ವಿಡ್ ನೈಟ್ರೋಜನ್ನಿನಲ್ಲಿ ಮುಳುಗಿಸಿ ಕಾಪಾಡುವುದು ಶಿವರಾಮುವಿನ ಕೆಲಸ.

ಇವತ್ತು ಬರಬೇಕಿದ್ದ ಪಾರ್ಸೆಲ್ ಅಂಥದೇ ಒಂದು ಕ್ಯಾನು. ಅದರಲ್ಲಿ ಥಂಡರ್ ಎಂಬ ಹೋತನ, ಅಲ್ಲ, ಗಂಡು ಜಿಂಕೆಯ ಕೊನೆಯ ನಲವತ್ತು ಕಡ್ಡಿಗಳಿದ್ದವು. ಥಂಡರನ ಕೊಂಬು ನಾನ್ನೂರ ಹನ್ನೆರಡು ಇಂಚು. ಫೋಟೊದಲ್ಲಿ ನೋಡಿದರೆ ಯಾರೋ ಒಣಗಿದ ಹುಣಸೆಮರವೊಂದನ್ನು ಬುಡಸಮೇತ ಕಿತ್ತು ಅದರ ತಲೆಗೆ ಕಟ್ಟಿದ ಹಾಗಿತ್ತು. ಪಾಪ, ತಲೆಯೆತ್ತಿ ಒಂದು ಎಲೆ ತಿನ್ನಲಾರದು. ಹೋದ ವರ್ಷ ಆ ಕೊಂಬೇ ತಂತಿ ಬೇಲಿಗೆ ಸಿಕ್ಕಿಕೊಂಡು ಸತ್ತಿತು. ಸತ್ತ ಮೇಲೆ ಅದರ ಕಡ್ಡಿಗಳಿಗೆ ಬಂಗಾರದ ಬೆಲೆ ಬಂತು. ಭಾನುವಾರ ಬೆಳಿಗ್ಗೆ ಫಾರಮ್ಮಿನವನು ಡಬ್ಲಿನ್ನಿನ ಮೇಲೆ ಹಾದು ಹೋಗುವಾಗ ಅದನ್ನು ಒಯ್ಯುತ್ತಾನೆ, ಲ್ಯಾಬಿಗೆ ಭಾನುವಾರ ರಜೆ, ಆದ್ದರಿಂದ ಒಂದು ರಾತ್ರಿ ನಿನ್ನ ಮನೆಯಲ್ಲಿರಲಿ ಎಂದು ತರುಣ್ ತಾನೇ ತೀರ್ಮಾನಿಸಿ ವ್ಯಾನಿನಲ್ಲಿ ಕಳಿಸಿಬಿಟ್ಟಿದ್ದ. "ಶಿವು, ಈ ಫಾರ್ಟಿ ಸ್ಟ್ರಾಸ್‌ಗೆ ಏನಾದ್ರೂ ಆದ್ರೆ ನಾನೂ ಇರಲ್ಲ, ನೀನೂ ಇರಲ್ಲ," ಎಂದಿದ್ದ. ಶಿವರಾಮು ಬಿಂದುಶ್ರೀಗೆ ತಿಳಿಯದ ಹಾಗೆ ಅದನ್ನು ಗರಾಜಿಗೆ ಸಾಗಿಸಿಬಿಡೋಣ ಎಂದುಕೊಂಡಿದ್ದ. ಅವಳೂ, ಮಂಡ್ಯದ ಕಡೆಯಿಂದ ಬಂದಿದ್ದ ಅವಳ ತಾಯಿ ಹುಚ್ಚಮ್ಮನೂ ಬೆಳಿಗ್ಗೆ ಒಂಬತ್ತಕ್ಕೇ ರೇಷ್ಮೆ ಸೀರೆ ಉಟ್ಟು ಪಕ್ಕದ ಮನೆಯ ಷಷ್ಟಿಪೂರ್ತಿಗೆ ಹೋಗಿದ್ದರು.

ಹಾಗಾದರೆ ಸಹಿ ಹಾಕಿದವರು ಯಾರು?

ಪಕ್ಕದ ಮನೆಯ ಹಿತ್ತಿಲಿನಿಂದ ಮಕ್ಕಳ ಕೇಕೆ ಕೇಳಿಸಿತು. ಶಿವರಾಮು ಮರದ ಬೇಲಿಯ ಸಂದಿಗೆ ಕಣ್ಣಿಟ್ಟ.

ಬಾಡಿಗೆ ಟೆಂಟಿನ ಕೆಳಗೆ ನಲವತ್ತು ಜನ. ಮಧ್ಯದಲ್ಲಿ ಮೇಜು. ಮೇಜಿನ ಹಿಂದೆ ಕಪ್ಪು ಕನ್ನಡಕ, ಮೊಣಕೈವರೆಗೆ ಗ್ಲೌಸು ತೊಟ್ಟ ಹೆಂಗಸು. ಅವಳ ಕೈಯಲ್ಲಿ ಡೇರಿಯ ಹಾಲಿನ ಕ್ಯಾನಿನಂಥ, ದುಂಡು ಹೊಟ್ಟೆಯ, ಸಣ್ಣ ಕುತ್ತಿಗೆಯ ಅಲ್ಯೂಮಿನಿಯಂ ಕ್ಯಾನು. ಅದನ್ನು ಬಗ್ಗಿಸಿ ಸ್ಟೀಲಿನ ಪಾತ್ರೆಗೆ ಸುರಿಯುತ್ತಿದ್ದಳು. ಬುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು. ಅಲ್ಲೇ ಪಕ್ಕದಲ್ಲಿ ಪುರೋಹಿತರು ಬಟ್ಟಲು ಹಿಡಿದು ಐಸ್‌ಕ್ರೀಮು ಮೆಲ್ಲುತ್ತಿದ್ದರು.

ಶಿವರಾಮುವಿಗೆ ರಕ್ತ ನೆತ್ತಿಗೇರಿತು. ಪಕ್ಕದ ಮನೆಯ ಅನಂತಪದ್ಮನಾಭರದು ಇದು ಮೊದಲನೆಯ ಸಲವಲ್ಲ. ಕಾಲೊನಿಯ ಅಸೋಸಿಯೇಶನ್ನಿಗೆ ಅವರೇ ಅಧ್ಯಕ್ಷರು. ಶಿವರಾಮು ಅವರೆಕಾಯಿ ಬಳ್ಳಿಯನ್ನು ಮುಂದಿನ ಅಂಗಳಕ್ಕೆ ಹಬ್ಬಿಸಿದನೆಂದು ಕಾಗದ ಕಳಿಸಿದವರು, ಕಸದ ಡಬ್ಬಿ ಎರಡು ಗಂಟೆ ಹೆಚ್ಚು ಹೊರಗಿತ್ತೆಂದು ಫೋಟೊ ತೆಗೆದವರು. ಅವನ ಪಾರ್ಸೆಲ್‌ಗಳು ತಪ್ಪಿ ತಮ್ಮ ಮನೆಗೆ ಬಂದರೆ ಕತ್ತರಿ ಹಾಕಿ ಬಿಚ್ಚಿ, ಒಳಗೇನಿದೆ ಎಂದು ನೋಡಿ, 'ಸಾರಿ ಶಿವರಾಮು, ನಮ್ಮದು ಅಂದ್ಕೊಂಡೆ' ಎಂದು ನಗುತ್ತಾ ಕೊಡುವವರು. ಹೋದ ತಿಂಗಳು ಅವನ ಒಳಚಡ್ಡಿಗಳ ಸೈಜು ಇಡೀ ಬೀದಿಗೆ ಗೊತ್ತಾದದ್ದು ಹಾಗೆಯೇ.

ಅವನು ಮನೆಯ ಬನಿಯನ್ನು, ಬರ್ಮುಡಾ ಚಡ್ಡಿಯಲ್ಲೇ ಪಕ್ಕದ ಗೇಟಿಗೆ ನುಗ್ಗಿದ.

ಗೇಟಿನಲ್ಲೇ ಅನಂತಪದ್ಮನಾಭರು ಹಾರ ಹಾಕಿಕೊಂಡು, ಜರಿ ಪಂಚೆಯಲ್ಲಿ ನಿಂತಿದ್ದರು. "ಬನ್ನಿ ಬನ್ನಿ ಶಿವರಾಮು! ಇಷ್ಟೊತ್ತಿಗಾ ಬರೋದು? ಇದೇನು, ಚಡ್ಡೀಲಿ ಬಂದಿದೀರಿ?"

"ನನ್ನ ಪಾರ್ಸೆಲ್ ಎಲ್ಲಿ ಸಾರ್?"

"ಯಾವ ಪಾರ್ಸೆಲ್ಲು?"

"ಅದೇ! ಆ ಕ್ಯಾನು! ಯಾರನ್ನ ಕೇಳಿ ತಗೊಂಡ್ರಿ? ಯಾರನ್ನ ಕೇಳಿ ಮುಚ್ಚಳ ತೆಗೆದ್ರಿ?"

ಅನಂತಪದ್ಮನಾಭರ ಮುಖದ ಮೇಲಿನ ನಗು ಗಂಧದ ಹಾಗೆ ಅಲ್ಲೇ ಒಣಗಿತು. "ನೋಡಿ, ಇವತ್ತು ನನ್ನ ಷಷ್ಟಿಪೂರ್ತಿ. ಜಗಳ ಇದ್ರೆ ಸೋಮವಾರ ಅಸೋಸಿಯೇಶನ್ ಮೀಟಿಂಗಿಗೆ ಬನ್ನಿ. ಅದು ಐಸ್‌ಕ್ರೀಮಿನವರ ಕ್ಯಾನು."

ಶಿವರಾಮು ಅವರನ್ನು ದಾಟಿ ಮೇಜಿನ ಹತ್ತಿರ ಹೋಗಿ ಕ್ಯಾನಿನ ಒಂದು ಹಿಡಿ ಹಿಡಿದ. ಇನ್ನೊಂದು ಹಿಡಿ ಕಪ್ಪು ಕನ್ನಡಕದ ಹೆಂಗಸಿನ ಕೈಯಲ್ಲಿತ್ತು.

ಅವಳ ಹೆಸರು ಹರಿಪ್ರಿಯಾ. ಹನ್ನೊಂದು ವರ್ಷ ದೊಡ್ಡ ಕಂಪನಿಯಲ್ಲಿ ದುಡಿದು, ಏಪ್ರಿಲ್ಲಿನಲ್ಲಿ ಒಂದು ಈಮೇಲಿನಲ್ಲಿ ಕೆಲಸ ಕಳೆದುಕೊಂಡು, ಈಗ ಸಮಾರಂಭಗಳಲ್ಲಿ ಕಣ್ಣೆದುರೇ ನೈಟ್ರೋಜನ್ ಸುರಿದು ಐಸ್‌ಕ್ರೀಮು ಮಾಡಿಕೊಡುವ ಉದ್ಯೋಗ ಹಿಡಿದಿದ್ದಳು. ಇದು ಅವಳ ಮೊದಲನೆಯ ದೊಡ್ಡ ಆರ್ಡರು.

"ಬಿಡಿ ಅಂಕಲ್! ಇದು ನನ್ನದು!"

"ಅಂಕಲ್ ಅನ್ಬೇಡಿ!"

"ಮತ್ತೇನನ್ಲಿ? ಬಿಡಿ, ಕೈ ಸುಡುತ್ತೆ. ಸಪ್ಲೈಯರ್ ಎರಡು ಕ್ಯಾನ್ ಕಳಿಸ್ತೀನಿ ಅಂದಿದ್ದ, ಒಂದು ಬಂದಿದೆ, ಇನ್ನೊಂದಕ್ಕೆ ಕಾಯ್ತಿದೀನಿ. ಇದನ್ನೂ ತಗೊಂಡ್ಹೋದ್ರೆ ನಾನೇನು ಮಾಡ್ಲಿ?"

"ಹಾಂ! ಇನ್ನೊಂದು ಬಂದಿಲ್ಲ ಅಲ್ವಾ? ಯಾಕಂದ್ರೆ ನೀವು ಎತ್ಕೊಂಡಿರೋದು ನಂದು!"

ಜನ ಬಟ್ಟಲು ಹಿಡಿದುಕೊಂಡೇ ಸುತ್ತ ನೆರೆದರು. ಮನೆಯಾಕೆ ನಿರುಪಮಾ ಒಂಬತ್ತು ಗಜದ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿ ಬಂದರು. "ಏನ್ರೀ ಇದು ಗಲಾಟೆ? ಶಿವರಾಮು, ನಿಮಗೆ ಬಾದಾಮಿ ಐಸ್‌ಕ್ರೀಮು ಬೇಕಿದ್ರೆ ಕೇಳಿ, ಕೊಡ್ತೀವಿ. ಮೊಟ್ಟೆ ಇಲ್ಲ, ಜಿಲೆಟಿನ್ ಇಲ್ಲ, ನಾನೇ ಮೂರು ಸಲ ಕೇಳಿ ಮಾಡಿಸ್ತಿದೀನಿ. ಶುದ್ಧ ಸಸ್ಯಾಹಾರ."

ಗುಂಪಿನಿಂದ ಹುಚ್ಚಮ್ಮ ಮುಂದೆ ಬಂದರು. "ಅಳೀಮಯ್ಯ, ಒಂದ್ ಮಾತು ಕೇಳಿ, ಆ ಕ್ಯಾನು..."

"ಅತ್ತೆ, ನೀವು ಸುಮ್ನಿರಿ!"

"ಅಲ್ಲ ಅಳೀಮಯ್ಯ, ಬೆಳಿಗ್ಗೆ..."

"ಸುಮ್ನಿರಿ ಅಂದ್ನಲ್ಲ ಅತ್ತೆ! ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕ್ಬೇಡಿ!"

ಅಳಿಯ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅವರ ಎದುರು ದನಿಯೆತ್ತಿರಲಿಲ್ಲ. ಹುಚ್ಚಮ್ಮ ಬಾಯಿ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಬಿಂದುಶ್ರೀ ಗಂಡನ ತೋಳು ಹಿಡಿದೆಳೆದಳು. "ರೀ, ನಮ್ಮಮ್ಮನಿಗೆ ಹಂಗಂತೀರಾ? ಬನ್ರೀ ಮನೆಗೆ!"

ಅಷ್ಟರಲ್ಲಿ ಅನಂತಪದ್ಮನಾಭರು ಫೋನು ತೆಗೆದು ಅವನ ಚಡ್ಡಿಯ ಫೋಟೊ ಕ್ಲಿಕ್ಕಿಸಿದರು. "ಅಸೋಸಿಯೇಶನ್ನಿಗೆ ದಾಖಲೆ ಬೇಕಾಗುತ್ತೆ," ಎಂದರು.

ಶಿವರಾಮುವಿನೊಳಗೆ ಏನೋ ಕಟ್ಟೆಯೊಡೆಯಿತು. ಆರು ವರ್ಷ ಮುಚ್ಚಿಟ್ಟದ್ದು ಒಂದೇ ಉಸಿರಿಗೆ ಹೊರಬಿತ್ತು.

"ತೆಗೀರಿ ಫೋಟೊ! ಚೆನ್ನಾಗಿ ತೆಗೀರಿ! ಆಮೇಲೆ ಈ ಐಸ್‌ಕ್ರೀಮಿಂದೂ ಒಂದು ತೆಗೀರಿ. ಇದರಲ್ಲಿ ಏನಿದೆ ಗೊತ್ತಾ ನಿಮಗೆ? ಜಿಂಕೆ ವೀರ್ಯ ಇದೆ! ಟೆಕ್ಸಾಸಿನ ಜಿಂಕೇದು! ನಲವತ್ತು ಕಡ್ಡಿ!"

ಎಲ್ಲೋ ಒಂದು ಚಮಚ ಕೆಳಗೆ ಬಿತ್ತು.

ಮೊದಲು ಓಡಿದವರು ಪುರೋಹಿತರು. ಗುಲಾಬಿ ಗಿಡದ ಬುಡಕ್ಕೆ ಬಗ್ಗಿದ ಅವರ ಹಿಂದೆಯೇ ನಾಲ್ಕು ಜನ ಬಗ್ಗಿದರು. ನಿರುಪಮಾ ಬಾಯಿಗೆ ಸೆರಗು ಒತ್ತಿಕೊಂಡು ಕುರ್ಚಿಯ ಮೇಲೆ ಕುಸಿದರು. ಕ್ಯಾಲಿಫೋರ್ನಿಯದಲ್ಲೇ ಹುಟ್ಟಿದ ಮಕ್ಕಳು, "ಅಮ್ಮಾ, ವಾಟ್ ಈಸ್ ವೀರ್ಯ?" ಎಂದು ಕೇಳತೊಡಗಿದವು. ಅಮ್ಮಂದಿರು ಅವರ ಕೈಯಿಂದ ಬಟ್ಟಲು ಕಸಿದುಕೊಂಡರು. ಪಂಚಗವ್ಯ ಆಗಲೇಬೇಕು ಎಂದರು ಪುರೋಹಿತರು, ಬಾಯಿ ಒರೆಸಿಕೊಳ್ಳುತ್ತ. ಎರಡು ಸಲ ಬಡಿಸಿಕೊಂಡಿದ್ದರಿಂದ ತಮಗೆ ಎರಡು ಪಾಲು ಎಂದೂ ಸೇರಿಸಿದರು.

ಹರಿಪ್ರಿಯಾಳ ಕೈ ಸಡಿಲವಾಯಿತು. "ಸುಳ್ಳು! ಸುಳ್ಳು ಹೇಳ್ತಿದಾರೆ! ನನ್ನ ಬಿಸಿನೆಸ್ಸು..." ಎನ್ನುವಷ್ಟರಲ್ಲಿ ಶಿವರಾಮು ಕ್ಯಾನನ್ನು ಮಗುವಿನ ಹಾಗೆ ಎದೆಗವಚಿಕೊಂಡು ಗೇಟು ದಾಟಿದ್ದ.

ಮುಚ್ಚಳ ತೆಗೆದು ಎಷ್ಟು ಹೊತ್ತಾಗಿದೆಯೋ, ಕಡ್ಡಿಗಳು ಎಷ್ಟು ಬಿಸಿಯಾಗಿವೆಯೋ. ಇಣುಕಿದರೆ ಬರಿ ಹೊಗೆ. ಮೊದಲು ಲ್ಯಾಬಿಗೆ ಒಯ್ದು ನೈಟ್ರೋಜನ್ ತುಂಬಿಸಬೇಕು. ಕಾರಿನ ಮುಂದಿನ ಸೀಟಿನಲ್ಲಿ ಕ್ಯಾನನ್ನು ಕೂರಿಸಿ ಬೆಲ್ಟು ಕಟ್ಟಿದ. ಮುಚ್ಚಿದ ಕಾರಿನಲ್ಲಿ ಆ ಹೊಗೆ ಉಸಿರು ಕಟ್ಟಿಸುತ್ತದೆಂದು ಗೊತ್ತಿದ್ದರಿಂದ ನಾಲ್ಕೂ ಕಿಟಕಿ ಇಳಿಸಿದ. ನವೆಂಬರಿನ ಚಳಿಯಲ್ಲಿ, ಬನಿಯನ್ನಿನಲ್ಲಿ, ಫ್ರೀವೇ ಮೇಲೆ ಹಲ್ಲು ಕಟಕಟಿಸುತ್ತ ಓಕ್‌ಲ್ಯಾಂಡಿನವರೆಗೂ ಬೈದ. ಅನಂತಪದ್ಮನಾಭರನ್ನು ಬೈದ, ತರುಣನನ್ನು ಬೈದ, ಎದುರಿಗಿದ್ದ ಲಾರಿಯನ್ನು ಬೈದ. ಗುಂಡು ಹೊಡೆಸಿಕೊಂಡು ಗೋಡೆಗೆ ನೇತುಹಾಕಿಸಿಕೊಳ್ಳುವುದಕ್ಕೆಂದೇ ತಲೆ ಮೇಲೆ ಮರ ಬೆಳೆಸುವ ಆ ಜಿಂಕೆಗಳ ಧಣಿಗಳನ್ನು ಬೈದ. ಅವರ ಸಂಬಳ ತಿನ್ನುವ ತನ್ನನ್ನೂ ಒಂದೆರಡು ಬೈದುಕೊಂಡ.

ಲ್ಯಾಬಿನಲ್ಲಿ ತರುಣ್ ಒಬ್ಬನೇ ಇದ್ದ. ಇಲ್ಲೇ ಪಕ್ಕದ ಫ್ರೀಮಾಂಟಿನಲ್ಲಿ ಹುಟ್ಟಿ ಬೆಳೆದ ಹುಡುಗ. ಶಿವರಾಮುವಿನ ಉಡುಪು ನೋಡಿ ಹುಬ್ಬೇರಿಸಿದರೂ ಏನೂ ಕೇಳದೆ ಗ್ಲೌಸು ಹಾಕಿಕೊಂಡು ಕ್ಯಾನನ್ನು ಹತ್ತಿರಕ್ಕೆಳೆದುಕೊಂಡ. ಟಾರ್ಚು ಬಿಟ್ಟ. ಬಗ್ಗಿ ನೋಡಿದ. ಮತ್ತೆ ನೋಡಿದ.

"ಶಿವು, ಇಲ್ಲಿ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ? ತಿಂದುಬಿಟ್ರಾ ಹಾಗಾದ್ರೆ?"

"ನೋ ನೋ. ಇದು ನಮ್ಮ ಕ್ಯಾನೇ ಅಲ್ಲ. ನಮ್ಮದರಲ್ಲಿ ಒಳಗೆ ಆರು ಹುಕ್ ಇರುತ್ತೆ, ಸ್ಟ್ರಾಸ್ ನೇತುಹಾಕೋಕೆ. ಇದು ಬರೀ ಬಾಟಲು ಥರ." ಅವನು ಕ್ಯಾನನ್ನು ತಿರುಗಿಸಿದ. ಹಿಂಬದಿಯಲ್ಲಿ, ತಳದ ಹತ್ತಿರ ಗುಲಾಬಿ ಬಣ್ಣದ ಸ್ಟಿಕ್ಕರು. ಅದರ ಮೇಲೆ ನಗುವ ಐಸ್‌ಕ್ರೀಮಿನ ಚಿತ್ರ. ಕೆಳಗೆ ಹರಿಪ್ರಿಯಾಳ ಹೆಸರು, ಫೋನ್ ನಂಬರು.

ಶಿವರಾಮು ಸ್ಟಿಕ್ಕರನ್ನು ಎರಡು ಸಲ ಓದಿದ. "ಮತ್ತೆ ನಮ್ಮದು ಯಾರು ತಗೊಂಡ್ರು?"

"ಡ್ರೈವರ್ ಸಿಗ್ನೇಚರ್ ಕಳಿಸಿದಾನೆ. ಬಟ್ ಅದು ಏನೋ ಡ್ರಾಯಿಂಗ್ ಥರ ಇದೆ. ನಂಗೆ ಕನ್ನಡ ಅರ್ಥ ಆಗುತ್ತೆ, ಓದಕ್ಕೆ ಬರಲ್ಲ. ಇದು ಕನ್ನಡಾನಾ?"

ತರುಣ್ ಫೋನು ಮುಂದೆ ಹಿಡಿದ. ಪರದೆಯ ಮೇಲೆ ಬೆರಳಲ್ಲಿ ಗೀಚಿದ, ಎರಡನೇ ಕ್ಲಾಸಿನ ಮಕ್ಕಳ ಅಕ್ಷರದಂಥ, ದುಂಡಗೆ ದಪ್ಪಗೆ ಮೂರು ಅಕ್ಷರ. ಹುಚ್ಚಮ್ಮ.

ಅತ್ತೆ! ಎಲೆಯಡಿಕೆಯ ಸಂಚಿ ಮರೆತು ವಾಪಸು ಬಂದಿರಬೇಕು. ಅದಿಲ್ಲದೆ ಅವರು ಒಂದು ಗಂಟೆ ಇರುವವರಲ್ಲ. ತಾನು ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ಇದೇ ತರುಣನ ಜೊತೆ ಮಾತಾಡುತ್ತಿದ್ದಾಗ ಅವರೇ ಸಹಿ ಹಾಕಿ, ಕ್ಯಾನನ್ನು ಒಳಗೆ ಇಡಿಸಿಕೊಂಡಿದ್ದಾರೆ. ಅದನ್ನೇ ಹೇಳಲು ಬಂದವರಿಗೆ ತಾನು ಬಾಯಿ ಮುಚ್ಚಿ ಎಂದದ್ದು.

"ಸೋ, ನಮ್ಮ ಸ್ಟ್ರಾಸ್ ಸೇಫ್?" ತರುಣ್ ಕೇಳಿದ.

"ಸೇಫು. ನಮ್ಮನೇಲೇ ಇದೆ."

"ಗ್ರೇಟ್! ಹಾಗಾದ್ರೆ ಇದು ಯಾರದು? ನೀನು ಇದನ್ನ ಎಲ್ಲಿಂದ ತಂದೆ?"

ಶಿವರಾಮು ಬಿಂದುಶ್ರೀಗೆ ಫೋನು ಮಾಡಿದ. ಅವಳು ಎತ್ತಲಿಲ್ಲ. ಮತ್ತೆ ಮಾಡಿದ. ಕತ್ತರಿಸಿದಳು. 'ತಪ್ಪಾಯಿತು, ನಮ್ಮ ಕ್ಯಾನು ಮನೆಯಲ್ಲೇ ಇದೆ, ಯಾರೂ ಮುಟ್ಟಬೇಡಿ' ಎಂದು ಸಂದೇಶ ಕಳಿಸಿದ. ಅವಳು ಅದನ್ನು ನೋಡಲೂ ಇಲ್ಲ. ಆದರೆ ಬೀದಿಯ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಅಷ್ಟು ಹೊತ್ತಿಗೆ ಎಪ್ಪತ್ತೆರಡು ಸಂದೇಶಗಳು ಬಂದಿದ್ದವು. ಮೊದಲನೆಯದು ಅವನ ಚಡ್ಡಿಯ ಫೋಟೊ.

ಬರುವಾಗ ಫ್ರೀವೇ ತುಂಬ ಕಾರು. ಒಂದೊಂದು ಮೈಲಿಗೂ ಅವನ ಸಿಟ್ಟು ಒಂದೊಂದು ಇಂಚು ಇಳಿಯುತ್ತ ಬಂತು. ಅದು ಇಳಿದ ಜಾಗದಲ್ಲಿ ನಾಚಿಕೆ ತುಂಬುತ್ತ ಬಂತು. ಕೆಲಸ ಕಳೆದುಕೊಂಡ ಹೆಣ್ಣುಮಗಳ ಮೊದಲ ಆರ್ಡರು ಹಾಳು ಮಾಡಿದ್ದೆ. ಅರವತ್ತು ತುಂಬಿದ ಮನುಷ್ಯನ ಹಬ್ಬ ಹಾಳು ಮಾಡಿದ್ದೆ. ಅತ್ತೆಯನ್ನು ನಾಲ್ಕು ಜನರೆದುರು ಗದರಿದ್ದೆ. ಮನೆಗೆ ಹೋಗಿ ಬಟ್ಟೆ ಬದಲಿಸಿ, ಕ್ಯಾನು ಎಲ್ಲಿದೆಯೆಂದು ನೋಡಿ, ಆಮೇಲೆ ಹೋಗಿ ಕ್ಷಮೆ ಕೇಳೋಣ ಎಂದುಕೊಂಡಿದ್ದ. ಆದರೆ ಕಾರು ತಿರುಗಿದ ಕೂಡಲೇ ಅನಂತಪದ್ಮನಾಭರು ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದರು.

"ಇಳೀರಿ. ಎಲ್ಲ ಕಾಯ್ತಿದಾರೆ."

ಟೆಂಟಿನ ಕೆಳಗೆ ಯಾರೂ ಮನೆಗೆ ಹೋಗಿರಲಿಲ್ಲ. ಇಂಥದ್ದನ್ನು ಬಿಟ್ಟು ಯಾರು ಹೋಗುತ್ತಾರೆ. ಶಿವರಾಮು ಮಧ್ಯದಲ್ಲಿ ನಿಂತು ಎರಡೂ ಕೈ ಜೋಡಿಸಿದ.

"ನಂದೇ ತಪ್ಪು. ನಾನು ತಗೊಂಡ್ಹೋದ ಕ್ಯಾನಲ್ಲಿ ಏನೂ ಇರಲಿಲ್ಲ. ಶುದ್ಧ ನೈಟ್ರೋಜನ್ನು. ಅದು ಇವರದೇ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ನೀವು ತಿಂದದ್ದು ಬರೀ ಬಾದಾಮಿ ಐಸ್‌ಕ್ರೀಮು. ಸಾರ್, ಅಮ್ಮ, ಎಲ್ಲರೂ ಕ್ಷಮಿಸಬೇಕು. ಅತ್ತೆ, ನೀವೂ."

ಹುಚ್ಚಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಇರ್ಲಿ ಬುಡಿ ಅಳೀಮಯ್ಯ," ಎಂದರು. ಉಳಿದವರು ಅಷ್ಟು ಸುಲಭಕ್ಕೆ ಬಿಡುವ ಹಾಗೆ ಕಾಣಲಿಲ್ಲ.

"ಕ್ಷಮೆ ಬಾಯಲ್ಲಿ ಕೇಳಿದ್ರೆ ಆಯ್ತಾ?" ಎಂದಳು ಹರಿಪ್ರಿಯಾ. ಅತ್ತು ಅವಳ ಕಣ್ಣು ಊದಿಕೊಂಡಿದ್ದವು. "ನನಗೆ ಬಂದಿದ್ದ ಮೂರು ಆರ್ಡರ್ ಕ್ಯಾನ್ಸಲ್ ಆಗಿವೆ. ನಾನು ಹಠಕ್ಕೆ ಬಿದ್ದು ಫ್ರೆಶ್ಶಾಗಿ ಇನ್ನೊಂದು ಪಾತ್ರೆ ಮಾಡಿದೀನಿ. ಒಬ್ಬರೂ ಮುಟ್ತಿಲ್ಲ. ನೀವು ತಿನ್ನಿ. ಎಲ್ಲರೆದುರು. ನಾನು ವಿಡಿಯೊ ಮಾಡ್ತೀನಿ."

"ಸರಿಯಾದ ಮಾತು," ಎಂದರು ಅನಂತಪದ್ಮನಾಭರು.

ಶಿವರಾಮು ಬಟ್ಟಲು ತೆಗೆದುಕೊಂಡ. ಕೇಸರಿ ಬಣ್ಣದ, ಬೆಣ್ಣೆಯಂಥ ಐಸ್‌ಕ್ರೀಮು. ಬೆಳಿಗ್ಗೆಯಿಂದ ಕಾಫಿಯೂ ಇರಲಿಲ್ಲ. ಮೊದಲನೆಯ ಬಟ್ಟಲು ಪ್ರಾಯಶ್ಚಿತ್ತಕ್ಕೆಂದು ತಿಂದ. ಎರಡನೆಯದು ಹಸಿವಿಗೆ ತಿಂದ.

"ಕ್ಯಾಮೆರಾ ನೋಡಿ ಹೇಳಿ ಅಂಕಲ್."

"ಇದರಲ್ಲಿ ಬಾದಾಮಿ, ಕೇಸರಿ, ಹಾಲು, ಸಕ್ಕರೆ ಬಿಟ್ಟು ಬೇರೇನೂ ಇಲ್ಲ. ನಾನು ಜೆನೆಟಿಕ್ಸಿನವನು, ಗ್ಯಾರಂಟಿ ಕೊಡ್ತೀನಿ."

ವಿಡಿಯೊ ಅಲ್ಲಿಂದಲೇ ಗುಂಪಿಗೆ ಹೋಯಿತು. ಪುರೋಹಿತರು ಗಂಟಲು ಸರಿಮಾಡಿಕೊಂಡು ಬಟ್ಟಲು ಹಿಡಿದು ಮುಂದೆ ಬಂದರು. ಅವರು ಬಂದ ಮೇಲೆ ಎಲ್ಲರೂ ಬಂದರು. ಮಕ್ಕಳು ನುಗ್ಗಿದರು. ನಿರುಪಮಾ ಕೂಡ ಒಂದು ಚಮಚ ಬಾಯಿಗಿಟ್ಟು, "ಮೊದಲನೇ ಸಲದ್ದಕ್ಕಿಂತ ಇದೇ ಚೆನ್ನಾಗಿದೆ ಕಣ್ರೀ," ಎಂದರು. ಅನಂತಪದ್ಮನಾಭರು ಫೋನು ತೆಗೆದು, ಶಿವರಾಮುವಿನ ಎದುರಿಗೇ ಅವನ ಚಡ್ಡಿಯ ಫೋಟೊ ಅಳಿಸಿದರು. ಬೆಳಿಗ್ಗೆ ಎದ್ದ ಮೇಲೆ ಮೊದಲ ಸಲ ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಮೂರನೆಯ ಬಟ್ಟಲು ಹಿಡಿದು ಹರಿಪ್ರಿಯಾಳ ಹತ್ತಿರ ಹೋದ.

"ನಿಮ್ಮ ಕ್ಯಾನು ನನ್ನ ಕಾರಲ್ಲಿದೆ ಅಮ್ಮ. ಅರ್ಧ ಹಾಗೇ ಇದೆ. ತಂದುಕೊಡ್ತೀನಿ."

"ಪರವಾಗಿಲ್ಲ ಅಂಕಲ್, ನಿಧಾನಕ್ಕೆ ಕೊಡಿ. ನಂಗೆ ಎರಡನೇ ಕ್ಯಾನ್ ಸಿಕ್ತಲ್ಲ."

"ಸಪ್ಲೈಯರ್ ಬಂದನಾ?"

"ಅವನು ಬೆಳಿಗ್ಗೇನೇ ತಪ್ಪಾಗಿ ನಿಮ್ಮನೆ ಬಾಗಿಲಿಗೆ ಇಳಿಸಿ ಹೋಗಿದ್ನಂತೆ. ಅಜ್ಜಿ ತಂದುಕೊಟ್ರು. ಅವರಿಲ್ದಿದ್ರೆ ಈ ಪಾತ್ರೆ ಮಾಡೋಕೇ ಆಗ್ತಿರಲಿಲ್ಲ."

ಶಿವರಾಮು ಚಮಚವನ್ನು ಬಾಯಲ್ಲೇ ಇಟ್ಟುಕೊಂಡು ಮೇಜಿನ ಕೆಳಗೆ ನೋಡಿದ. ಅಲ್ಲೊಂದು ಕ್ಯಾನು ಬಾಯಿ ತೆರೆದು ಮಲಗಿತ್ತು. ಅದರ ಕುತ್ತಿಗೆಗೆ ಅಂಟಿಸಿದ್ದ ಚೀಟಿಯನ್ನು ಅವನು ಚೆನ್ನಾಗಿ ಬಲ್ಲ. ಹೋದ ವಾರ ಅವನೇ ಅಂಟಿಸಿದ್ದ.

ಅತ್ತೆ ಪಕ್ಕಕ್ಕೆ ಬಂದು ನಿಂತಿದ್ದರು. ಅಳಿಯನ ಕ್ಷಮೆಯಿಂದ ಅವರ ಮುಖ ಅರಳಿತ್ತು. ತಗ್ಗಿದ ದನಿಯಲ್ಲಿ ಹೇಳಿದರು: "ನಾನೂ ಮೊದ್ಲು ತಪ್ಪು ತಿಳ್ಕಂಡಿದ್ದೆ ಅಳೀಮಯ್ಯ. ಆ ಡ್ರೈವರು ತಂದಾಗ, ಇದು ನಮ್ಮೂರಲ್ಲಿ ಹಸಕ್ಕೆ ಸೂಜಿ ಹಾಕೋ ಡಾಕ್ಟ್ರು ಸ್ಕೂಟ್ರಿಗೆ ಕಟ್ಕಂಡ್ ಬರೋ ಕ್ಯಾನಲ್ವರಾ, ಹಬ್ಬದ ದಿನ ಬಾಗ್ಲಲ್ಲಿ ಇದ್ಯಾಕೆ ಅಂತ ಗರಾಜಲ್ಲಿ ದುಪ್ಟಿ ಮುಚ್ಚಿ ಮಡಗಿದ್ದೆ. ಅದ್ನೇ ನಿಮಗೆ ಏಳಕ್ಕೆ ಬಂದಿದ್ದು. ನೀವು, ಜಿಂಕೇದು ಇರೋದು ಈ ಕ್ಯಾನಲ್ಲಿ ಅಂತ ಅಷ್ಟ್ ಜನರ ಎದ್ರಿಗೆ ಏಳಿ ತಗಂಡೋದ್ರಲ್ಲ, ಆಗ ಗೊತ್ತಾಯ್ತು. ಅದು ನಿಮ್ದಾದ್ರೆ ಗರಾಜಲ್ಲಿರೋದು ಐಸ್‌ಕ್ರೀಮಿನ ಹುಡ್ಗೀದೇ ಆಗ್ಬೇಕಲ್ವರಾ? ಪಾಪ ಅಳ್ತಾ ಕೂತಿತ್ತು ಕೂಸು. ತಂದುಕೊಟ್ಟೆ."

"ಅತ್ತೆ, ಒಳಗೆ... ಒಳಗೆ ಆರು ಕೊಕ್ಕೆ..."

"ಇದ್ವು, ಇದ್ವು. ನಮ್ಮೂರಲ್ಲಿ ಡಾಕ್ಟ್ರು ಮುಚ್ಚಳ ತೆಗೆಯೋವಾಗ ಹೆಂಗಸ್ರು ಒಳಿಕ್ಕೋಗ್ಬೇಕಿತ್ತು, ಒಳಗೇನಿರ್ತದೆ ಅಂತ ನಾ ಏನ್ ಕಂಡಿದ್ದೆ. ಸುರಿಯಕ್ಕೆ ಅಡ್ಡ ಬರ್ತವೆ ಅಂತ ಇಕ್ಕಳದಲ್ಲಿ ಎತ್ತಿ ವಾಷಿಂಗ್ ಮಿಷನ್ ಮ್ಯಾಲೆ ಮಡಗಿವ್ನಿ. ಕಿಟ್ಕಿಯಿಂದ ಬಿಸ್ಲು ಬೀಳ್ತದಲ್ಲ, ಅಲ್ಲಿ. ಅದ್ರಲ್ಲಿ ಸಣ್ಣಸಣ್ಣ ಕಡ್ಡಿ ಒಂದೆರಡು ಕ್ಯಾನೊಳಿಕ್ಕೆ ಜಾರ್ಕಂಡ್ವೇನೋಪ್ಪ. ಮಿಕ್ಕಿದ್ವೆಲ್ಲ ಜೋಪಾನವಾಗವೆ."

ಜೇಬಿನಲ್ಲಿ ಫೋನು ನಡುಗಿತು. ತರುಣ್. ಶಿವರಾಮು ಅದನ್ನು ಅಲ್ಲೇ ಒತ್ತಿ ಹಿಡಿದ. ಬಾಯೊಳಗಿನ ತುತ್ತು ಕರಗಿ ನೀರಾಗಿತ್ತು. ನುಂಗಲೂ ಆಗದು, ಉಗುಳಲೂ ಆಗದು. ಎದುರಿಗೆ ನಲವತ್ತು ಜನ ತಲೆ ಬಗ್ಗಿಸಿ ಬಟ್ಟಲು ಕೆರೆಯುತ್ತಿದ್ದರು. ಪುರೋಹಿತರು ಎರಡನೆಯ ಸಲಕ್ಕೆ ಸಾಲಿನಲ್ಲಿ ನಿಂತಿದ್ದರು. ಹರಿಪ್ರಿಯಾ ಫೋನು ನೋಡಿ, "ಆಂಟಿ, ಒಂದು ಆರ್ಡರ್ ವಾಪಸ್ ಬಂತು!" ಎಂದು ಕುಣಿದಳು.

ಅನಂತಪದ್ಮನಾಭರು ಸೌಟು ಹಿಡಿದು, ಹಾರ ಸರಿಮಾಡಿಕೊಳ್ಳುತ್ತ ಅವನ ಮುಂದೆ ಬಂದು ನಿಂತರು. ಅವನ ಮುಖ ನೋಡಿ ಅವರ ಹುಬ್ಬು ಗಂಟಿಕ್ಕಿತು.

"ಯಾಕ್ರೀ ಶಿವರಾಮು, ನಿಲ್ಲಿಸಿಬಿಟ್ರಿ? ಇದರಲ್ಲಿ ಏನಾದ್ರೂ ಇದೆಯಾ?"

ಅವರ ದನಿ ಸ್ವಲ್ಪ ಜೋರಾಗಿಯೇ ಇತ್ತು. ಟೆಂಟಿನ ಕೆಳಗಿನ ನಲವತ್ತು ಚಮಚಗಳೂ ಒಟ್ಟಿಗೆ ನಿಂತವು. ನಿರುಪಮಾ ತಲೆಯೆತ್ತಿದರು. ಹರಿಪ್ರಿಯಾಳ ಮುಖದ ಮೇಲಿನ ನಗು ಅರ್ಧಕ್ಕೆ ನಿಂತಿತು. ಅತ್ತೆ ಹೆಮ್ಮೆಯಿಂದ ಅಳಿಯನನ್ನೇ ನೋಡುತ್ತಿದ್ದರು.

ಶಿವರಾಮು ಕಣ್ಣು ಮುಚ್ಚಿ ಬಾಯಲ್ಲಿದ್ದದ್ದನ್ನು ನುಂಗಿದ.

"ಏನೂ ಇಲ್ಲ ಸಾರ್," ಎಂದು ಬಟ್ಟಲು ಮುಂದೆ ಹಿಡಿದ. "ತುಂಬ ಚೆನ್ನಾಗಿದೆ. ಇನ್ನೊಂದು ಸ್ವಲ್ಪ ಹಾಕಿ."